ದಿಯುವಿನಲ್ಲಿ ಎರಡು ರಾತ್ರಿ

ಪ್ರಶ್ನೆ: ನಾವು ಧಾರವಾಡ ಕಡೆಯವರು. ಮನೆಯವರ ಕೆಲಸದಿಂದಾಗಿ ವಡೋದರಾದ ಗೋರ್ವಾದಲ್ಲಿ ನೆಲೆಸಿದ್ದೇವೆ. 24 ವರ್ಷದ ಮಗಳು ನೌಕರಿಯಲ್ಲಿದ್ದಾಳೆ. ಡಿಸೆಂಬರ್‌ನಲ್ಲಿ ಮೂವರು ಗೆಳತಿಯರ ಜೊತೆ ದಿಯು ದ್ವೀಪಕ್ಕೆ ಹೊರಟಿದ್ದಾಳೆ. ‘ರಾತ್ರಿ ಸಮುದ್ರದ ದಂಡಿಗೆ ಕುಂಡ್ರಬೇಕವ್ವಾ’ ಅಂತಾಳೆ. ಅಲ್ಲಿ ಬಾರುಗಳಿವೆ. ಅವರಪ್ಪ ಬೇಡ ಅಂದಿದ್ದಾರೆ. ನನಗೂ ಭಯ. ಏನು ಮಾಡಲಿ?

ಉತ್ತರ: ತಾಯಿ, ನಿಮ್ಮ ಭಯ ಸಹಜವೇ. ಆದರೂ ನವರಾತ್ರಿಯನ್ನು ಒಮ್ಮೆ ನೆನೆಯಿರಿ. ವಡೋದರಾದ ಗರ್ಬಾ ಮೈದಾನದಲ್ಲಿ ನಡುರಾತ್ರಿಯವರೆಗೆ ಬರಿಗಾಲಲ್ಲಿ ಕುಣಿದು, ದಾರಿಯಲ್ಲಿ ಸೇವ್ ಉಸಳ್ ತಿಂದು ಮನೆಗೆ ಬರುವ ಹುಡುಗಿಯರನ್ನು ನೀವು ನೋಡಿದ್ದೀರಿ. ಆ ಊರಿನ ತಾಯಂದಿರು ಧೈರ್ಯವಾಗಿರುವುದು ಜೊತೆಗಾರರು ಯಾರು, ವಾಪಸ್ ಬರುವುದು ಹೇಗೆ ಎಂದು ಗೊತ್ತಿರುವುದರಿಂದ. ದಿಯುವಿಗೂ ಅದನ್ನೇ ಕೇಳಿ: ಉಳಿಯುವುದೆಲ್ಲಿ, ರಾತ್ರಿ ರೂಮಿಗೆ ಮರಳಲು ಯಾವ ಗಾಡಿ, ನಾಲ್ವರೂ ಕೊನೆಯವರೆಗೆ ಒಟ್ಟಿಗಿರುತ್ತಾರೆಯೇ?

ಅವಳ ಆಸೆಯಲ್ಲಿ ತಪ್ಪಿಲ್ಲ. 1961ರವರೆಗೆ ಪೋರ್ಚುಗೀಸರ ಕೈಯಲ್ಲಿದ್ದ ಪುಟ್ಟ ದ್ವೀಪ ಅದು. ಕತ್ತಲಾದ ಮೇಲೆ ಬಂದರಿನ ಕಡೆ ಹೋದರೆ ಒಂದು ಬದಿಗೆ ಹಳೆಯ ಕೋಟೆ, ನೀರಿನ ನಡುವೆ ಪಾಣಿಕೋಠಾ ಎಂಬ ಕಿರುಕೋಟೆ. ಫುದಮ್‌ನ ಗಂಗೇಶ್ವರ ಗುಡಿಯಲ್ಲಿ ಐದು ಶಿವಲಿಂಗಗಳ ಮೇಲೆ ಅಲೆ ಬಂದು ಬೀಳುತ್ತದೆ. ದುಡಿಯುವ ಹುಡುಗಿ ಗಡಿಯಾರ ನೋಡದೆ ಗೆಳತಿಯರೊಂದಿಗೆ ಇಂಥ ಕಡೆ ಕೂತು ಮಾತಾಡುವುದು ಎಷ್ಟು ದೊಡ್ಡ ಸುಖ! ಅವಳ ವಯಸ್ಸಿನಲ್ಲಿ ನಿಮಗದು ಸಿಕ್ಕಿರಲಿಕ್ಕಿಲ್ಲ.

ಇನ್ನು ಬಾರಿನ ಮಾತು. ಇದನ್ನು ಮುಚ್ಚುಮರೆಯಿಲ್ಲದೆ ಅವಳೆದುರು ಎತ್ತಿ. ದಿಯು ಕೇಂದ್ರಾಡಳಿತ ಪ್ರದೇಶ, ಅಲ್ಲಿ ಮದ್ಯ ಮಾರಾಟಕ್ಕೆ ಅನುಮತಿಯಿದೆ. ಗಡಿ ದಾಟಿ ಊನಾ ಕಡೆ ಕಾಲಿಟ್ಟರೆ ಗುಜರಾತ್, ಅಲ್ಲಿ ಪಾನನಿಷೇಧ. ಪರ್ಮಿಟ್ ಇಲ್ಲದೆ ಒಂದು ಬಾಟಲಿ ತಂದರೂ ಅಪರಾಧ, ಕುಡಿದು ಗಡಿ ದಾಟಿದರೂ ಕೇಸು. ವರ್ಷದ ಕೊನೆಯಲ್ಲಿ ಚೆಕ್‌ಪೋಸ್ಟ್‌ಗಳಲ್ಲಿ ತಪಾಸಣೆ ಬಿಗಿ. ಅವಳು ಕುಡಿಯದಿದ್ದರೂ ಗಾಡಿಯಲ್ಲಿ ಬೇರೆಯವರ ಬಾಟಲಿ ಸಿಕ್ಕರೆ ವಿಚಾರಣೆ ತಪ್ಪದು. ಅಪರಿಚಿತರ ಕಾರು ಹತ್ತಬಾರದು, ಗೆಳತಿಯ ಬ್ಯಾಗಿನಲ್ಲಿ ‘ಒಂದೇ ಒಂದು’ ಇಡಲೂ ಬಿಡಬಾರದು. ಸಮುದ್ರವೂ ಅಷ್ಟೇ, ಕತ್ತಲಲ್ಲಿ ದಡದಲ್ಲಿ ಕೂರಲಿ, ನೀರಿಗಿಳಿಯುವುದು ಬೇಡ. ತನ್ನ ಲೋಟವನ್ನು ಬಿಟ್ಟು ಎದ್ದು ಹೋಗುವುದೂ ಬೇಡ. ತುರ್ತಿಗೆ 112 ಫೋನಿನಲ್ಲಿರಲಿ.

ಯಜಮಾನರಿಗೆ ಒಂದು ಮಾತು ಹೇಳಿ. ಬೇಡ ಅಂದರೆ ಮಗಳು ಬಹುಶಃ ಸೂರತ್‌ನಲ್ಲಿ ಗೆಳತಿಯ ಮದುವೆ ಎಂದು ಹೇಳಿ ದಿಯುವಿಗೇ ಹೋದಾಳು. ಆಗ ರಾತ್ರಿ ಎರಡು ಗಂಟೆಗೆ ಏನಾದರೂ ಎಡವಟ್ಟಾದರೆ ಅಪ್ಪನಿಗೆ ಫೋನ್ ಮಾಡಲು ಹೆದರುತ್ತಾಳೆ. ನನಗೆ ಅತಿ ಭಯ ಹುಟ್ಟಿಸುವುದು ಆ ಹಿಂಜರಿಕೆ. ಎಷ್ಟು ಹೊತ್ತಿಗೆ ಮಾಡಿದರೂ ಬೈಯದೆ ಫೋನ್ ಎತ್ತುತ್ತೇವೆಂದು ಇಬ್ಬರೂ ಅವಳಿಗೆ ಮಾತು ಕೊಡಿ, ಗಂಟೆಗೊಮ್ಮೆ ನೀವಾಗಿ ಫೋನ್ ಮಾಡಿ ಕಾಡಬೇಡಿ.

ನನ್ನ ಅಭಿಪ್ರಾಯ ಕೇಳಿದ್ದೀರಿ: ಕಳಿಸಿ.