ಅಡುಗೆಮನೆಗೆ ಎಷ್ಟು ಓವನ್? ಮಾಡಬೇಕಾದ್ದು, ಮಾಡಬಾರದ್ದು

ಹೊಸ ಮನೆ ಕಟ್ಟಿಸುತ್ತಿರುವವರಿಗೆ, ಫ್ಲ್ಯಾಟಿನ ಹಳೇ ಅಡುಗೆಮನೆ ಒಡೆಸಿ ಮಾಡ್ಯುಲರ್ ಮಾಡಿಸಲು ಹೊರಟವರಿಗೆ ಈ ಸೂಚನೆ. ಆತುರದಲ್ಲಿರುವವರು ಇಷ್ಟು ಓದಿದರೆ ಸಾಕು: ನಾಲ್ಕೈದು ಜನರ ಮನೆಗೆ ಬೇಯಿಸುವ ಓವನ್ ಒಂದು, ಬಿಸಿ ಮಾಡುವ ಮೈಕ್ರೋವೇವ್ ಬೇಕಿದ್ದರೆ ಒಂದು. ಎರಡನೇ ಓವನ್‌ಗೆ ಸದ್ಯಕ್ಕೆ ಗೋಡೆಯೊಳಗೆ ವೈರ್ ಎಳೆಸಿಡಿ, ದುಡ್ಡು ಕೈಯಲ್ಲೇ ಇರಲಿ.

ಮಾಡಬೇಕಾದ್ದು

ಮೊದಲು ಅಡುಗೆ ಎಣಿಸಿ. ಹೋದ ಯುಗಾದಿಯಿಂದ ಈ ಯುಗಾದಿವರೆಗೆ ಮನೆಯಲ್ಲಿ ಏನೇನು ಮಾಡಿದಿರಿ, ಒಂದು ಹಾಳೆಯಲ್ಲಿ ಬರೆಯಿರಿ. ಅನ್ನ, ಸಾರು, ಪಲ್ಯ, ಚಪಾತಿ, ದೋಸೆ, ಇಡ್ಲಿ, ಹಬ್ಬಕ್ಕೆ ಒಬ್ಬಟ್ಟು, ಗಣೇಶನಿಗೆ ಕಡುಬು. ಇದರಲ್ಲಿ ಒಂದಕ್ಕೂ ಓವನ್ ಬೇಡ. ಜೋಳದ ರೊಟ್ಟಿ ಹಂಚಿನ ಮೇಲೆ ಬೇಯಬೇಕು, ಗೊಜ್ಜಿನ ಬದನೆಕಾಯಿ ಉರಿಯಲ್ಲೇ ಸುಡಬೇಕು. ಹಾಳೆಯ ಕೊನೆಗೆ ಕೇಕು, ಬ್ರೆಡ್ಡು, ಬಿಸ್ಕತ್ತು, ಪಿಜ್ಜಾ ಎಷ್ಟು ಸಲ ಬಂದಿವೆ ನೋಡಿ. ತಿಂಗಳಿಗೆ ಒಂದು ಸಲವೂ ಇಲ್ಲದಿದ್ದರೆ ಗೋಡೆಯೊಳಗೆ ಕೂರಿಸುವ ಬಿಲ್ಟ್-ಇನ್ ಓವನ್ನಿನ ಆಸೆ ಬಿಡಿ. ಕಟ್ಟೆಯ ಮೇಲಿಡುವ ಒಟಿಜಿ ಸಾಕು. ವಾರಕ್ಕೊಮ್ಮೆ ಇದ್ದರೆ ಒಂದೇ ಒಂದು, ಆದರೆ ಒಳ್ಳೆಯದು. ವಾರದಲ್ಲಿ ನಾಲ್ಕೈದು ಸಲ, ಅದೂ ಒಂದೇ ಹೊತ್ತಿಗೆ ಎರಡು ಬೇರೆ ಬೇರೆ ಉಷ್ಣತೆ ಬೇಕಾಗುವ ಮನೆಯಲ್ಲಿ ಮಾತ್ರ ಎರಡರ ಮಾತೆತ್ತಿ.

ಒಲೆ ಎಷ್ಟಿರಬೇಕೆಂದು ಪಾತ್ರೆ ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು ಹುಟ್ಟುಹಾಕಿದ ‘ಅಸ್ತ್ರ’ ತಂಡ ಹಳ್ಳಿಮನೆಗಳಿಗಾಗಿ ರೂಪಿಸಿದ ಹೊಗೆಯಿಲ್ಲದ ಒಲೆಗೆ ಮೂರು ಬಾಯಿ. ಒಂದೇ ಉರಿ, ಮೂರು ಪಾತ್ರೆ. ಮುದ್ದೆ, ಸಾರು, ಸ್ನಾನಕ್ಕೋ ಇನ್ನೊಂದಕ್ಕೋ ಬಿಸಿನೀರು ಎಂದು ಎಣಿಸಿಕೊಂಡರೆ ಮೂರಕ್ಕೆ ಮೂರೂ ಕೆಲಸಕ್ಕೆ ಬರುತ್ತವೆ. ನಿಮ್ಮ ಓವನ್‌ಗೂ ಅದೇ ಲೆಕ್ಕ ಹಿಡಿಯಿರಿ.

ಯಂತ್ರಗಳನ್ನು ಅವುಗಳ ಕೆಲಸದಿಂದ ಎಣಿಸಿ. ಮೈಕ್ರೋವೇವ್ ಆಹಾರದಲ್ಲಿರುವ ನೀರನ್ನು ಬಿಸಿ ಮಾಡುತ್ತದೆ. ಹಾಲು, ನಿನ್ನೆಯ ಸಾರು, ಹಪ್ಪಳಕ್ಕೆ ಸರಿ, ಕೇಕಿನ ಮೇಲ್ಮೈ ಕೆಂಪಾಗಿಸುವುದು ಅದರ ಕೈಲಾಗದು. ಒಟಿಜಿ ಮತ್ತು ಬಿಲ್ಟ್-ಇನ್ ಓವನ್ನುಗಳಲ್ಲಿ ಕಾಯಿಲ್ ಕಾದು ಒಳಗಿನ ಗಾಳಿ ಕಾಯುತ್ತದೆ, ಪದಾರ್ಥ ಹೊರಗಿನಿಂದ ಬೇಯುತ್ತಾ ಬಣ್ಣ ಬರುತ್ತದೆ. ಎರಡೂ ಒಂದರಲ್ಲೇ ಇರುವ ಕನ್ವೆಕ್ಷನ್ ಮೈಕ್ರೋವೇವ್ ಚಿಕ್ಕ ಅಡುಗೆಮನೆಗೆ ಒಳ್ಳೆಯ ಆಯ್ಕೆ. ಆದರೆ ಅದರ ದೋಷ ತಿಳಿದಿರಲಿ: ಒಂದು ಹೊತ್ತಿಗೆ ಒಂದೇ ಕೆಲಸ. ಕೇಕು 180 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಒಳಗಿರುವಾಗ ಮಗುವಿನ ಹಾಲು ಬಿಸಿ ಮಾಡಲು ಗ್ಯಾಸ್ ಹಚ್ಚಲೇಬೇಕು. ಅದಕ್ಕೆ ಒಪ್ಪುವವರು ಇದೊಂದನ್ನೇ ಕೊಳ್ಳಲಿ.

ಕರೆಂಟಿನ ಲೆಕ್ಕವನ್ನು ಪ್ಲಾಸ್ಟರ್ ಆಗುವ ಮೊದಲೇ ಮುಗಿಸಿ. ನಮ್ಮಲ್ಲಿ ಮನೆಗೆ ಬರುವುದು 230 ವೋಲ್ಟ್. 6 ಆಂಪಿಯರ್ ಸಾಕೆಟ್ಟಿಗೆ ಹೆಚ್ಚೆಂದರೆ 1380 ವ್ಯಾಟ್, 16 ಆಂಪಿಯರ್ ಸಾಕೆಟ್ಟಿಗೆ 3680. ಒಟಿಜಿಗಳು ಸಾಮಾನ್ಯವಾಗಿ 1200ರಿಂದ 2000 ವ್ಯಾಟ್ ಎಳೆಯುತ್ತವೆ, ಬಿಲ್ಟ್-ಇನ್ ಓವನ್ನುಗಳು ಇನ್ನೂ ಹೆಚ್ಚು. ಹಾಗಾಗಿ ಪ್ರತಿ ಓವನ್‌ಗೂ ಅದರದೇ 16 ಆಂಪಿಯರ್ ಪಾಯಿಂಟ್, ಅದರದೇ ಎಂಸಿಬಿ ಇರಲಿ. ಬಿಲ್ಟ್-ಇನ್‌ಗೆ 4 ಚದರ ಮಿ.ಮೀ. ತಾಮ್ರದ ವೈರ್ ಎಳೆಸಿ. ಇಡೀ ಮನೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯೇ, ಅರ್ತಿಂಗ್ ನಿಜವಾಗಿಯೂ ಇದೆಯೇ ಎಂದು ಎಲೆಕ್ಟ್ರಿಶಿಯನ್ ಕೈಯಲ್ಲಿ ಮೀಟರ್ ಹಿಡಿಸಿ ನೋಡಿ. “ಇದೆ ಸಾರ್” ಎಂಬ ಬಾಯಿಮಾತು ಸಾಲದು.

ಆಮೇಲೆ ಬಿಲ್ ತೆಗೆದು ಮಂಜೂರಾದ ಲೋಡ್ ಎಷ್ಟೆಂದು ಓದಿ; ಅದು ಬಿಲ್ಲಿನಲ್ಲೇ ಅಚ್ಚಾಗಿರುತ್ತದೆ. 3 ಕಿಲೋವ್ಯಾಟ್ ಮಂಜೂರಾದ ಮನೆಯ ಒಂದು ಭಾನುವಾರದ ಬೆಳಗ್ಗೆಯನ್ನು ಕಲ್ಪಿಸಿಕೊಳ್ಳಿ. ಬಚ್ಚಲಲ್ಲಿ ಗೀಸರ್ 2000 ವ್ಯಾಟ್, ಕಟ್ಟೆಯ ಮೇಲೆ ಇಂಡಕ್ಷನ್ 2000, ಓವನ್ ಇನ್ನೊಂದು 2000. ಇಡ್ಲಿ ಬೇಯುವ ಮೊದಲೇ ಮೇನ್ ಟ್ರಿಪ್ ಆಗುತ್ತದೆ, ತಲೆಗೆ ಸೋಪು ಹಚ್ಚಿಕೊಂಡವರು ಕತ್ತಲಲ್ಲಿ ಕೂಗುತ್ತಾರೆ. ಎರಡು ಓವನ್ ಬೇಕೇ ಬೇಕೆನ್ನುವವರು ಅರ್ಜಿ ಕೊಟ್ಟು, ಠೇವಣಿ ಕಟ್ಟಿ ಲೋಡ್ ಹೆಚ್ಚಿಸಿಕೊಳ್ಳಬೇಕು. ಆಗ ಕಿಲೋವ್ಯಾಟ್ ಲೆಕ್ಕದ ನಿಗದಿತ ಶುಲ್ಕವೂ ಏರುತ್ತದೆ, ಓವನ್ ಹಚ್ಚಿದರೂ ಅಷ್ಟೇ, ಹಚ್ಚದಿದ್ದರೂ ಅಷ್ಟೇ.

ಯೂನಿಟ್ಟಿನ ಭಯ ಬೇಡ, ಲೆಕ್ಕ ಇರಲಿ. 1500 ವ್ಯಾಟಿನ ಒಟಿಜಿ ಒಂದು ಗಂಟೆ ಉರಿದರೆ ಹೆಚ್ಚೆಂದರೆ ಒಂದೂವರೆ ಯೂನಿಟ್. ಥರ್ಮೋಸ್ಟಾಟ್ ನಡುನಡುವೆ ಆರಿಸುವುದರಿಂದ ಅದಕ್ಕೂ ಕಡಿಮೆ. 2023ರಲ್ಲಿ ಬಂದ, ತಿಂಗಳಿಗೆ 200 ಯೂನಿಟ್ ಒಳಗಿನ ಬಳಕೆಗೆ ಉಚಿತ ಕರೆಂಟು ಕೊಡುವ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಮಾತ್ರ ಎಚ್ಚರದಿಂದಿರಿ. ತಿಂಗಳಿಗೆ 190 ಯೂನಿಟ್ ಬರುತ್ತಿರುವ ಮನೆಯಲ್ಲಿ ಹತ್ತು ಸಲ ಕೇಕು, ಬ್ರೆಡ್ಡು ಮಾಡಿದರೆ 200 ದಾಟಬಹುದು. ದಾಟಿದರೆ ಕಟ್ಟಬೇಕಾದ್ದು ಮೇಲಿನ ಒಂದೆರಡು ಯೂನಿಟ್ಟಿನ ದುಡ್ಡಲ್ಲ, ಆ ತಿಂಗಳ ಪೂರ್ತಿ ಬಿಲ್ಲು.

ಮೊಟ್ಟೆಯ ವಿಷಯವನ್ನು ಮೊದಲೇ ಮಾತಾಡಿ ಮುಗಿಸಿ. ಇದು ಯಾವ ಶೋರೂಮಿನವರೂ ಕೇಳದ ಪ್ರಶ್ನೆ, ಆದರೆ ನಮ್ಮ ಮನೆಗಳಲ್ಲಿ ಎರಡನೇ ಓವನ್ ಬರುವುದು ಬಹುಪಾಲು ಇದರಿಂದಲೇ. ಮೊಮ್ಮಗಳ ಹುಟ್ಟುಹಬ್ಬದ ಕೇಕಿಗೆ ಮೊಟ್ಟೆ ಬಿತ್ತು. ಮಾರನೇ ವಾರ ಸೊಸೆ ಅದೇ ಓವನ್ನಿನಲ್ಲಿ ನಾನ್‌ಖಟಾಯಿ ಮಾಡಿ ತಟ್ಟೆ ಮುಂದಿಟ್ಟರೆ ಅತ್ತೆಯವರು, “ಅದರಲ್ಲಿ ಮಾಡಿದ್ದು ನಂಗೆ ಬೇಡ ಕಣಮ್ಮ, ನೀವು ತಿನ್ನಿ” ಅನ್ನುತ್ತಾರೆ. ಸೋಡಾ ಹಾಕಿ ತಿಕ್ಕಿದೆ ಎಂದು ವಾದಿಸಿ ಗೆದ್ದವರಿಲ್ಲ, ಗೆಲ್ಲುವ ಅಗತ್ಯವೂ ಇಲ್ಲ. 20 ಲೀಟರಿನ ಒಂದು ಚಿಕ್ಕ ಒಟಿಜಿಯನ್ನು ಯುಟಿಲಿಟಿಯಲ್ಲಿಟ್ಟು ಮೊಟ್ಟೆಗೆ ಅದೇ ಎಂದು ನಿಗದಿ ಮಾಡಿ. ಅದರ ಟ್ರೇ, ಟಿನ್ನು, ಬ್ರಷ್ಷು ಎಲ್ಲ ಬೇರೆ. ಒಂದೇ ಓವನ್ ಇಟ್ಟು ಟ್ರೇ ಮಾತ್ರ ಬದಲಿಸುವ ರಾಜಿಸೂತ್ರ ಹೆಚ್ಚು ದಿನ ನಡೆಯುವುದಿಲ್ಲ.

ಎರಡನೇ ಓವನ್ನಿಗೆ ನ್ಯಾಯವಾದ ಇನ್ನೊಂದು ಕಾರಣ ಮನೆಯಿಂದಲೇ ಕೇಕು ಮಾರುವುದು. ಹಾಗಿದ್ದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮೊದಲು, ಓವನ್ ಆಮೇಲೆ. ಗ್ಯಾಸ್ ಓವನ್ ಆದರೆ ಮನೆಬಳಕೆಯ 14.2 ಕೆ.ಜಿ. ಸಿಲಿಂಡರನ್ನು ವ್ಯಾಪಾರಕ್ಕೆ ಹಚ್ಚಬೇಡಿ, ಅದು ಕಾನೂನಿಗೆ ವಿರುದ್ಧ.

ಮಾಡಬಾರದ್ದು

ಶೋರೂಮಿನ ಗೋಡೆ ನೋಡಿ ಎಣಿಸಬೇಡಿ. ಒಂದರ ಮೇಲೊಂದು ಕೂತ ಜೋಡಿ ಓವನ್ನು ಅಮೆರಿಕದ ಅಡುಗೆಮನೆಯ ರೂಢಿ. ಅಲ್ಲಿ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಇಡೀ ಟರ್ಕಿ ಕೋಳಿ ಮೂರು ನಾಲ್ಕು ಗಂಟೆ ಓವನ್ನಿನಲ್ಲೇ ಕೂರುತ್ತದೆ. ಮಿಕ್ಕ ತಿನಿಸುಗಳಿಗೆ ಇನ್ನೊಂದು ಬೇಕಾಗುತ್ತದೆ. ನಿಮ್ಮ ಮನೆಯಲ್ಲಿ ಅಂಥ ಹಬ್ಬವಿಲ್ಲದಿದ್ದರೆ ಆ ಜೋಡಿಯೂ ಬೇಡ.

ಅಮೆರಿಕದಲ್ಲೇ ಇರುವ ಕನ್ನಡಿಗರು ಓವನ್ ಬೇಡವೆನ್ನುವಂತಿಲ್ಲ, ಅದು ಒಲೆಯ ಜೊತೆಗೇ ಬಂದಿರುತ್ತದೆ. ಅವರಿಗೆ ಬೇರೆಯದೇ ಎಚ್ಚರಿಕೆ. ಚಳಿಗಾಲದಲ್ಲಿ ದೋಸೆಹಿಟ್ಟು ಹುದುಗಲು ಓವನ್ನಿನ ದೀಪ ಹಾಕಿ ಒಳಗಿಡುವುದು ಒಳ್ಳೆಯ ಉಪಾಯ. ಆದರೆ ಗುಂಡಿಯ ಮೇಲೆ “ಹಿಟ್ಟಿದೆ” ಎಂದು ಚೀಟಿ ಅಂಟಿಸದೆ ಮಲಗಬೇಡಿ. ಬೆಳಗ್ಗೆ ಇನ್ನೊಬ್ಬರು ಎದ್ದು ಪಿಜ್ಜಾಕ್ಕೆಂದು 400 ಡಿಗ್ರಿ ಫ್ಯಾರನ್‌ಹೀಟ್ ಒತ್ತಿದರೆ ಡಬ್ಬವೂ ಹಿಟ್ಟೂ ಒಟ್ಟಿಗೇ ಹೋಗುತ್ತವೆ. ಪ್ಲಾಸ್ಟಿಕ್ ಡಬ್ಬವಾದರೆ ಓವನ್ನಿನ ಕಥೆಯೂ ಮುಗಿಯಿತು.

ಜಾಗ ಬಿಟ್ಟಿ ಎಂದುಕೊಳ್ಳಬೇಡಿ. ಒಂದು ಬಿಲ್ಟ್-ಇನ್ ಓವನ್ 60 ಸೆಂ.ಮೀ. ಅಗಲದ ಕಪಾಟನ್ನು ನುಂಗುತ್ತದೆ. ಹತ್ತಡಿ ಎಂಟಡಿಯ ಅಡುಗೆಮನೆಯಲ್ಲಿ ಅದು ಅಕ್ಕಿ ಡಬ್ಬ, ಬೇಳೆ ಡಬ್ಬ, ಮೂರು ಕುಕ್ಕರುಗಳ ಜಾಗ. ಕೊನೆಗೆ ಆ ಕುಕ್ಕರುಗಳು ಓವನ್ನಿನೊಳಗೇ ಸೇರುತ್ತವೆ, ಓವನ್ ಸ್ಟೀಲ್ ಕಪಾಟಾಗುತ್ತದೆ. ಅಷ್ಟು ದುಬಾರಿ ಕಪಾಟು ಯಾರಿಗೂ ಬೇಡ.

ಕಟ್ಟೆಯ ಮೇಲಿಡಬೇಕಾದ ಒಟಿಜಿಯನ್ನು ಬಡಗಿಯಿಂದ ಪ್ಲೈವುಡ್ ಗೂಡು ಮಾಡಿಸಿ ಅದರೊಳಗೆ ತುರುಕಬೇಡಿ. ಅದರ ಮೈಯೇ ಸುಡುತ್ತದೆ. ಸುತ್ತ ಗಾಳಿಯಾಡಲು ಕಂಪನಿಯ ಪುಸ್ತಕದಲ್ಲಿ ಹೇಳಿದಷ್ಟು ಜಾಗ ಬಿಡಿ. ತಲೆಗಿಂತ ಎತ್ತರದಲ್ಲಿ ಇಡಿಸಬೇಡಿ. ಬಿಸಿ ಟ್ರೇ ಎಳೆಯುವಾಗ ಮೊಣಕೈ ಮಟ್ಟ ಸರಿಯಾದ ಮಟ್ಟ.

ದಪ್ಪ ಪಿನ್ನಿನ ಪ್ಲಗ್ಗನ್ನು ಚಿಕ್ಕ ಸಾಕೆಟ್ಟಿಗೆ ಹಾಕಿಸುವ ಕನ್ವರ್ಟರ್ ಪ್ಲಗ್ ಮನೆಯೊಳಗೇ ಬರಬಾರದು. ಎಕ್ಸ್‌ಟೆನ್ಶನ್ ಬೋರ್ಡಿಗೆ ಎರಡು ಓವನ್ ಸಿಕ್ಕಿಸಬೇಡಿ, ಒಂದನ್ನೂ ಸಿಕ್ಕಿಸಬೇಡಿ. ಮನೆಯ ಯುಪಿಎಸ್ ಲೈನಿಗೆ ಓವನ್ ಕೊಡಬೇಡಿ. ಅದು ಫ್ಯಾನು, ದೀಪಕ್ಕೆ ಇರುವುದು. ಕರೆಂಟು ಪದೇಪದೇ ಹೋಗುವ ಊರಾದರೆ ಎರಡನೇ ಎಲೆಕ್ಟ್ರಿಕ್ ಓವನ್ನಿಂದಲೂ ಪ್ರಯೋಜನವಿಲ್ಲ, ಎರಡೂ ಒಟ್ಟಿಗೇ ಆರುತ್ತವೆ.

“ಚಿಮಣಿ ತಗೊಂಡ್ರೆ ಓವನ್ ಅರ್ಧ ಬೆಲೆಗೆ” ಎನ್ನುವ ಹಬ್ಬದ ಆಫರಿನ ಎದುರು ನಿಂತು ಸಂಖ್ಯೆ ಬದಲಿಸಬೇಡಿ. ಹಾಳೆಯಲ್ಲಿ ಒಂದು ಎಂದು ಬರೆದುಕೊಂಡು ಹೋಗಿದ್ದರೆ ಒಂದೇ.

ಹಳೇ ಒಟಿಜಿಯನ್ನು “ಎರಡನೇದು ಇರಲಿ” ಎಂದು ಅಟ್ಟಕ್ಕೇರಿಸಬೇಡಿ. ಕಾಯಿಲ್, ಥರ್ಮೋಸ್ಟಾಟ್ ಎರಡೂ ಬದಲಿಸಬಹುದಾದ ಭಾಗಗಳು. ರಿಪೇರಿ ಮಾಡಿಸಿ ಮೇಲೆ ಹೇಳಿದ ಮೊಟ್ಟೆಯ ಕೆಲಸಕ್ಕೆ ಇಟ್ಟುಕೊಳ್ಳಿ. ರಿಪೇರಿಯಾಗದಿದ್ದರೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ, ಕಸದ ಗಾಡಿಗೆ ಹಾಕಬೇಡಿ.