ದ್ರಾಕ್ಷಿ ಸೀಮೆಗೆ ಹೋಗಿ ಕಾಫಿ ಬೆಳೆಗಾರ ನೋಡಬೇಕಾದದ್ದೇನು?



ಸಂಘದ ಕಚೇರಿಗೆ ಬರುವ ಬೆಳೆಗಾರರು, ಅದರಲ್ಲೂ ಎಳೆಯ ತಲೆಮಾರಿನವರು, ಈಚೆಗೆ ಎರಡು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಎಲೆಚುಕ್ಕಿ ರೋಗದಿಂದ ಅಡಿಕೆ ಸೊರಗಿದ ಜಾಗದಲ್ಲಿ ದ್ರಾಕ್ಷಿ ಹಾಕಿ ವೈನ್ ಕಾರ್ಖಾನೆಗೆ ಕೊಡಬಹುದೇ ಎಂಬುದು ಮೊದಲನೆಯದು. ತೋಟಕ್ಕೆ ಪ್ರವಾಸಿಗರನ್ನು ಕರೆಸಿ ನಾಲ್ಕು ಕಾಸು ಕಾಣುವುದು ಹೇಗೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ ಬೇಡ ಎಂದು. ಎರಡನೆಯದಕ್ಕೆ ಉತ್ತರ ಬೇಕಾದವರು ದ್ರಾಕ್ಷಿ ಸೀಮೆಯನ್ನೇ ಒಮ್ಮೆ ನೋಡಿ ಬರುವುದು ಒಳ್ಳೆಯದು.

ಹೊಸಪೇಟೆಯಿಂದ ಕಮಲಾಪುರದ ಕಡೆ ಹೋಗುವ ರಸ್ತೆಯಲ್ಲಿ ಸಿಗುವ ಮಲಪನಗುಡಿಯಿಂದ ಆರಂಭಿಸಬಹುದು. ಹಂಪಿಗೆ ಓಡುವ ಬಸ್ಸುಗಳು ಇಲ್ಲಿ ನಿಲ್ಲುವುದು ಕಡಿಮೆ, ಆದರೆ ಮಲ್ಲಿಕಾರ್ಜುನನ ಗುಡಿಯನ್ನೂ ಎಂಟು ಮೂಲೆಯ ಹಳೆಯ ಬಾವಿಯನ್ನೂ ನೋಡದೆ ಮುಂದೆ ಹೋಗಬಾರದು. ಈ ಸೀಮೆಗೂ ನಮಗೂ ಇರುವ ನಂಟು ಹೊಸದಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ವೀಳ್ಯದೆಲೆ, ಅಡಿಕೆ, ಸುಣ್ಣದ ತಾಂಬೂಲವನ್ನು ಮೆಚ್ಚಿ ವಿವರವಾಗಿ ಬರೆದಿಟ್ಟಿದ್ದಾನೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ವರ್ತಕ ದೊಮಿಂಗೊ ಪಾಯೆಸ್ ಪೇಟೆಯ ಧಾರಣೆಯನ್ನೇ ಕೊಟ್ಟಿದ್ದಾನೆ: ಒಂದು ಪಣಕ್ಕೆ ದ್ರಾಕ್ಷಿ ಮೂರು ಗೊಂಚಲು, ದಾಳಿಂಬೆಯಾದರೆ ಹತ್ತು. ಅಂದರೆ ಇಲ್ಲಿ ದ್ರಾಕ್ಷಿ ಐನೂರು ವರ್ಷಗಳ ಹಿಂದೆಯೇ ಇತ್ತು, ಅಗ್ಗವಾಗಿ ಮಾತ್ರ ಇರಲಿಲ್ಲ!

ವೈನ್ ತಯಾರಿಕೆ ಮಾತ್ರ ನಿನ್ನೆ ಮೊನ್ನೆಯದು. ರಾಜ್ಯದಲ್ಲಿ ಹಳೆಯದೆಂದು ಹೇಳಬೇಕಾದರೆ ನಂದಿಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಕಡೆ, ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಜಾರ್ಜ್ ವೆಸೆಲ್ ಅವರ ಸಲಹೆಯಿಂದ 1988ರಲ್ಲಿ ಹಾಕಿದ ತೋಟವನ್ನು ಹೇಳಬೇಕು. ಅಲ್ಲಿನ ಮೊದಲ ವೈನ್ ಹೊರಬಂದದ್ದು 1992ರಲ್ಲಿ. 2007ರಲ್ಲಿ ರಾಜ್ಯ ಸರಕಾರ ದ್ರಾಕ್ಷಾರಸ ನೀತಿಯನ್ನು ತಂದು ಮಂಡಳಿಯನ್ನೂ ರಚಿಸಿತು. ಆ ಮೇಲೆ ತುಂಗಭದ್ರೆಯ ಆಚೆ, ಕೊಪ್ಪಳ ಜಿಲ್ಲೆಯ ಗುಡ್ಡಗಳ ನಡುವೆ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿಗಳು ಕ್ರಿಸ್ಮಾ ಎಂಬ ತೋಟ ಎಬ್ಬಿಸಿದರು. ಇಬ್ಬರ ಹೆಸರನ್ನೂ ಕೂಡಿಸಿ ಮಾಡಿದ ಹೆಸರು ಅದು. ಕಲ್ಲುಗುಡ್ಡದ ನಾಡಿನಲ್ಲಿ ಹನಿ ನೀರಾವರಿಯಿಂದ ಕ್ಯಾಬರ್ನೆ ಸೊವಿನ್ಯೋನ್, ಸಾಂಜಿಯೊವೆಸೆ ಮುಂತಾದ ತಳಿಗಳು ನಿಂತಿವೆ. ಮುಂಚಿತವಾಗಿ ಕೇಳಿ ಒಪ್ಪಿಗೆ ಪಡೆದೇ ಹೋಗತಕ್ಕದ್ದು; ಕೊಯ್ಲಿನ ಕಾಲದಲ್ಲಿ ಹೇಳದೆ ಬರುವ ನೆಂಟರ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ.

ಈಗ ಕೃಷಿಯ ವಿಷಯ. ಚಳಿದೇಶಗಳಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ಮಲಗುತ್ತದೆ. ನಮ್ಮ ಬಿಸಿಲಿನಲ್ಲಿ ಅದಕ್ಕೆ ನಿದ್ದೆಯಿಲ್ಲ. ಆದ್ದರಿಂದ ವರ್ಷಕ್ಕೆ ಎರಡು ಬಾರಿ ಸವರಬೇಕು. ಬಯಲುಸೀಮೆಯವರು ಇದಕ್ಕೆ ಚಾಟನಿ ಎನ್ನುತ್ತಾರೆ, ನಾವು ಕಾಫಿಗೆ ಕಸಿ ಎಂದ ಹಾಗೆ. ಏಪ್ರಿಲ್ ಚಾಟನಿ ಕಡ್ಡಿ ಬಲಿಯುವುದಕ್ಕೆ, ಅಕ್ಟೋಬರ್ ಚಾಟನಿ ಹಣ್ಣಿಗೆ. ಕೊಯ್ಲು ಫೆಬ್ರವರಿ, ಮಾರ್ಚ್‌ನಲ್ಲಿ. ಹಣ್ಣಿನಲ್ಲಿ ಸಕ್ಕರೆ ನೂರಕ್ಕೆ 22ರಿಂದ 24ರಷ್ಟು ಕೂಡಿದ ಮೇಲೆಯೇ ಕತ್ತರಿ. ಬಿಳಿ ವೈನಿಗೆ ಹಿಂಡಿದ ರಸವನ್ನಷ್ಟೇ ತಂಪಿನಲ್ಲಿ ಹುದುಗಿಸುತ್ತಾರೆ. ಕೆಂಪಿಗೆ ಸಿಪ್ಪೆಯೂ ಜೊತೆಗಿರಬೇಕು, ಬಣ್ಣ ಮತ್ತು ಒಗರು ಬರುವುದು ಅದರಿಂದಲೇ. ಪಲ್ಪರ್ ಆದ ಮೇಲೆ ಬೀಜದ ಲೋಳೆ ಕಳೆಯಲು ಹುದುಗಿಸುವ ನಮಗೆ ಈ ಕೆಲಸ ಅರ್ಥವಾಗುವುದು ಕಷ್ಟವಲ್ಲ. ವ್ಯತ್ಯಾಸವೇನೆಂದರೆ ನಾವು ಹುದುಗಿದ್ದನ್ನು ತೊಳೆದು ಚೆಲ್ಲುತ್ತೇವೆ, ಅವರು ಅದನ್ನೇ ಮಾರುತ್ತಾರೆ.

ಹಾಗಾದರೆ ನಾವೂ ಏಕೆ ಬೆಳೆಯಬಾರದು? ಬಳ್ಳಾರಿ, ಕೊಪ್ಪಳದ ಒಣಹವೆಯಲ್ಲೇ ಬೂಜುರೋಗಕ್ಕೆ ಔಷಧ ಹೊಡೆಯುವುದು ತಪ್ಪದು. ನೂರು ಅಂಗುಲ ಮಳೆ ಹೊಯ್ಯುವಲ್ಲಿ ಆ ಬಳ್ಳಿಯ ಗತಿಯನ್ನು ನೀವೇ ಊಹಿಸಿ. ಅದಕ್ಕಿಂತ ದೊಡ್ಡ ಅಪಾಯ ಮಾರಾಟದಲ್ಲಿದೆ. ವೈನ್ ದ್ರಾಕ್ಷಿ ಸಣ್ಣ ಕಾಯಿ, ಬೀಜ ಹೆಚ್ಚು, ಸಂತೆಯಲ್ಲಿ ತಿನ್ನುವುದಕ್ಕೆ ಕೊಳ್ಳುವವರಿಲ್ಲ. ಕಾರ್ಖಾನೆ ಬೇಡವೆಂದರೆ ಬೆಳೆದವನಿಗೆ ಬೇರೆ ಬಾಗಿಲೇ ಇಲ್ಲ. 2008ರ ಕೊನೆಗೆ ವ್ಯಾಪಾರ ಕುಸಿದ ಮೇಲೆ ನಾಸಿಕದ ಕಡೆ ಆದದ್ದು ಇದೇ. ಕರಾರು ನಂಬಿ ಹಾಕಿದ ಬಳ್ಳಿಗಳನ್ನು ಎಷ್ಟೋ ರೈತರು ತಾವೇ ಕಿತ್ತುಹಾಕಿದರು. ಸಾಲದಲ್ಲಿರುವ ಸದಸ್ಯರು ಇದನ್ನು ಎರಡು ಬಾರಿ ಓದಬೇಕೆಂದು ಕೋರುತ್ತೇನೆ.

ಆದರೆ ಅತಿಥಿಗಳನ್ನು ಬರಮಾಡಿಕೊಳ್ಳುವ ರೀತಿಯನ್ನು ಅವರಿಂದ ಧಾರಾಳವಾಗಿ ಕಲಿಯಬಹುದು. ಬಂದವರನ್ನು ಮೊದಲು ಬಳ್ಳಿಯ ಸಾಲಿಗೆ ಕರೆದೊಯ್ಯುತ್ತಾರೆ, ನಂತರ ಉಕ್ಕಿನ ತೊಟ್ಟಿಗಳಿಗೆ, ಅಲ್ಲಿಂದ ಓಕ್ ಮರದ ಪೀಪಾಯಿಗಳಿಗೆ. ಕೊನೆಗೆ ಕುಳ್ಳಿರಿಸಿ, ಹಗುರವಾದ ಬಿಳಿಯಿಂದ ಗಟ್ಟಿಯಾದ ಕೆಂಪಿನವರೆಗೆ ಗುಟುಕು ಗುಟುಕಾಗಿ ರುಚಿ ತೋರಿಸುತ್ತಾರೆ. ಅಷ್ಟು ಹೊತ್ತಿಗೆ ಬಂದವನು ಕೊಳ್ಳುವವನಾಗಿರುತ್ತಾನೆ. ನಮಗೆ ಈ ಅಭ್ಯಾಸ ಬರಲಿಲ್ಲ. ಯುದ್ಧಕಾಲದಿಂದ 1990ರ ದಶಕದವರೆಗೆ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಿ ಪಾಯಿಂಟು ಎಣಿಸುತ್ತ ಕುಳಿತವರು ನಾವು; ಕುಡಿಯುವವನ ಮುಖ ಕಂಡವರಲ್ಲ. ಈಗ ಹೋಮ್‌ಸ್ಟೇಗೆ ಬಂದವರಿಗೆ ಮಂಜನ್ನೂ ಜಲಪಾತವನ್ನೂ ತೋರಿಸಿ, ಬೆಳಿಗ್ಗೆ ಪೇಟೆಯ ಪುಡಿಯ ಕಾಫಿ ಕೊಡುವ ಮನೆಗಳಿವೆ. ಪಲ್ಪರ್ ಮನೆ, ಕಾಫಿ ಕಣ, ಅಡಿಕೆ ಬೇಯಿಸುವ ಹಂಡೆ, ಚೊಗರಿನ ಬಣ್ಣ, ಇವೆಲ್ಲ ನೋಡತಕ್ಕವೇ. ಅರೇಬಿಕಾ, ರೊಬಸ್ಟಾ, ಚೆರಿ, ಪಾರ್ಚ್‌ಮೆಂಟ್ ನಾಲ್ಕನ್ನೂ ಪುಟ್ಟ ಲೋಟಗಳಲ್ಲಿ ಎದುರಿಗಿಟ್ಟರೆ ಖರ್ಚೇನೂ ಇಲ್ಲ. ಮನೆಯಲ್ಲಿ ಮಾಡಿದ ಹಣ್ಣಿನ ವೈನನ್ನು ಮಾತ್ರ, ಕೊಡಗಿನ ಕಡೆ ಎಷ್ಟೇ ರೂಢಿಯಿರಲಿ, ಪರವಾನಗಿ ಇಲ್ಲದೆ ಮಾರಲು ಹೋಗಬೇಡಿ.

ದಾರಿಯ ಊಟವೂ ಅಭ್ಯಾಸದ ಭಾಗವೇ. ಹೊಸಪೇಟೆಯಲ್ಲಿ ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ. ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು. ವಿಜಯನಗರದ ಕಾಲದ ಕಾಲುವೆಗಳ ನೀರುಂಡು ಬೆಳೆದ ಬಾಳೆಹಣ್ಣು ರಸ್ತೆಬದಿಯಲ್ಲೇ ಸಿಗುತ್ತದೆ. ಕಂಪ್ಲಿ ಕಡೆ ಹೋದರೆ ಭತ್ತದ ಬಯಲು, ಸಂಡೂರಿಗೆ ಹೋದರೆ ಕುಮಾರಸ್ವಾಮಿ ಬೆಟ್ಟ ಮತ್ತು ಲಂಬಾಣಿ ಹೆಂಗಸರ ಕಸೂತಿ. ಹಂಪಿ ಕ್ಷೇತ್ರದೊಳಗೆ ಮದ್ಯಮಾಂಸ ಸಲ್ಲದು. ವೈನ್ ತೋಟ ನೋಡುವ ದಿನವನ್ನೂ ವಿರೂಪಾಕ್ಷನ ದರ್ಶನದ ದಿನವನ್ನೂ ಬೇರೆಬೇರೆ ಇಟ್ಟುಕೊಳ್ಳುವುದು ಲೇಸು.

ಅರೇಬಿಕಾ ಕೊಯ್ಲು ಮುಗಿದು ಹೂಮಳೆಗೆ ಕಾಯುವ ಫೆಬ್ರವರಿಯ ಕೊನೆಯ ವಾರ ನಮಗೂ ಬಿಡುವು, ಅಲ್ಲಿಯೂ ಕೊಯ್ಲು ನಡೆಯುತ್ತಿರುತ್ತದೆ. ಹೋಗಲಿಚ್ಛಿಸುವವರು ಕಚೇರಿಯಲ್ಲಿ ಹೆಸರು ಬರೆಸಬಹುದು. ಮನೆಯ ಹೆಂಗಸರೂ ಬರಲಿ, ಹೋಮ್‌ಸ್ಟೇ ನಡೆಸುವವರು ಅವರೇ ತಾನೆ! ವಾಹನ ಓಡಿಸುವವರು ಮಾತ್ರ ರುಚಿ ನೋಡುವ ಮೇಜಿನಿಂದ ದೂರವಿರತಕ್ಕದ್ದು.