108 ಬರುವ ತನಕ: ಮೆಹದಿಪಟ್ಟಣಂ ಸ್ವಯಂಸೇವಕರು ಮಾಡಬೇಕಾದ್ದು, ಮಾಡಬಾರದ್ದು

ಪ್ರಥಮ ಚಿಕಿತ್ಸೆಯ ತರಬೇತಿ ಪಡೆದು ನೆರೆಹೊರೆಯ ನೆರವಿಗೆ ನಿಂತಿರುವ ಕನ್ನಡ ಬಂಧುಗಳ ಗಮನಕ್ಕೆ.

108 ಸೇವೆ 2005ರ ಆಗಸ್ಟ್ 15ರಂದು ಶುರುವಾದದ್ದು ಇದೇ ಹೈದರಾಬಾದಿನಲ್ಲಿ. ಆದರೂ ಸಂಜೆ ಹೊತ್ತು ರೈತು ಬಜಾರ್ ಮುಂದಿನ ದಟ್ಟಣೆ ದಾಟಿ ಆಂಬುಲೆನ್ಸ್ ಬರಲು ಸಮಯ ಹಿಡಿಯುತ್ತದೆ. ಎದೆಬಡಿತ ನಿಂತವರ ಮಿದುಳಿಗೆ ನಾಲ್ಕೈದು ನಿಮಿಷದಲ್ಲೇ ಹಾನಿ ಶುರುವಾಗುತ್ತದೆ. ಆ ನಿಮಿಷಗಳ ಹೊಣೆ ನಮ್ಮದು.

ಮಾಡಬೇಕಾದ್ದು

1. ಮೊದಲು ಜಾಗ ನೋಡಿ. ಬರುವ ವಾಹನಗಳನ್ನು ತಡೆಯಲು ಒಬ್ಬರನ್ನು ನಿಲ್ಲಿಸಿ. ಕರೆಂಟ್ ಹೊಡೆದಿದ್ದರೆ ಮೇನ್ ಆಫ್ ಮಾಡಿಸಿಯೇ ಮುಟ್ಟಿ. ಕೈಗವಸು ತೊಡಿ.
2. 108ಕ್ಕೆ ಕರೆ ಮಾಡುವಾಗ ‘ಫ್ಲೈಓವರ್ ಹತ್ತಿರ’ ಎಂದರೆ ಸಾಲದು. ಆರಾಂಘರ್‌ವರೆಗೆ 11 ಕಿಲೋಮೀಟರಿಗೂ ಹೆಚ್ಚು ಉದ್ದದ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ ಅದು. ಪಿಲ್ಲರ್ ನಂಬರ್ ಹೇಳಿ.
3. ನೋವೆಲ್ಲಿ ಎಂದು ಅವರ ಮಾತಿನಲ್ಲೇ ಕೇಳಿ: ತೆಲುಗಿನವರಿಗೆ ‘ನೊಪ್ಪಿ ಎಕ್ಕಡ?’, ಉರ್ದುವಿನವರಿಗೆ ‘ದರ್ದ್ ಕಹಾಂ ಹೈ?’
4. ಪ್ರಜ್ಞೆ ಇಲ್ಲದೆ, ಉಸಿರೂ ಸರಿಯಾಗಿ ಆಡದಿದ್ದರೆ ಕೂಡಲೇ ಸಿಪಿಆರ್ ಶುರು ಮಾಡಿ. ದೊಡ್ಡವರಿಗೆ ಎದೆಯ ನಡುವೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಲಿ.
5. ರಕ್ತ ಹರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ.
6. ಬಾಯಿ ಸೊಟ್ಟಗಾಗಿ ಮಾತು ತೊದಲಿದರೆ ಪಾರ್ಶ್ವವಾಯು ಇರಬಹುದು. ಶುರುವಾದ ಗಂಟೆ ಬರೆದಿಟ್ಟುಕೊಂಡು ಆಂಬುಲೆನ್ಸ್ ಸಿಬ್ಬಂದಿಗೆ ತಿಳಿಸಿ.

ಮಾಡಬಾರದ್ದು

1. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು, ಸೋಡಾ, ಮಾತ್ರೆ ಹಾಕಬೇಡಿ. ಉಸಿರುನಾಳಕ್ಕೆ ಇಳಿದರೆ ಜೀವ ಹೋದೀತು.
2. ಬೈಕಿನಿಂದ ಬಿದ್ದವರನ್ನು ಎಳೆದು ಆಟೋಗೆ ಹಾಕಬೇಡಿ. ಉಸಿರಿಗೆ ಅಡ್ಡಿಯಾಗದಿದ್ದರೆ ಹೆಲ್ಮೆಟ್ ಕೀಳಬೇಡಿ. ಕತ್ತು ಅಲುಗಿದರೆ ಬೆನ್ನುಹುರಿಗೆ ಪೆಟ್ಟಾಗಬಹುದು.
3. ಮೂರ್ಛೆ ಬಂದವರ ಕೈಗೆ ಬೀಗದ ಕೈ, ಮೂಗಿಗೆ ಈರುಳ್ಳಿ ಬೇಡ. ಅದುಮಿ ಹಿಡಿಯಲೂ ಬೇಡಿ. ಅದುರುವುದು ನಿಂತ ಮೇಲೆ ಮಗ್ಗುಲಿಗೆ ಮಲಗಿಸಿ.
4. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಐಸ್ ಹಚ್ಚಬೇಡಿ. 20 ನಿಮಿಷ ಹರಿಯುವ ತಣ್ಣೀರು ಸಾಕು.
5. ಚುಚ್ಚಿಕೊಂಡಿರುವ ಗಾಜು, ಕಬ್ಬಿಣ ಕೀಳಬೇಡಿ.
6. ಫೋಟೊ, ವಿಡಿಯೊ ಖಂಡಿತ ಬೇಡ. ನೆಲಕ್ಕೆ ಬಿದ್ದವರಿಗೂ ಮಾನ ಇದೆ. ಹೆಣ್ಣುಮಕ್ಕಳಾದರೆ ಮೈಮೇಲೆ ಹೊದಿಕೆ ಹಾಕಿ, ಸುತ್ತ ನಿಂತವರನ್ನು ದೂರ ಕಳಿಸಿ.
7. ಹಣ, ಕಾಣಿಕೆ ಮುಟ್ಟಬೇಡಿ.

ಪೊಲೀಸ್ ಕೇಸಿಗೆ ಹೆದರಿ ಹಿಂದೆ ಸರಿಯಬೇಡಿ. ರಸ್ತೆ ಅಪಘಾತದಲ್ಲಿ ಪ್ರತಿಫಲ ಬಯಸದೆ, ಸದುದ್ದೇಶದಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಮು ರಕ್ಷಣೆ ಕೊಟ್ಟಿದೆ. 2019ರ ತಿದ್ದುಪಡಿಯಲ್ಲಿ ಸೇರಿದ ಕಲಮು ಅದು. ಹೆಸರು, ವಿಳಾಸ ಹೇಳಲೇಬೇಕೆಂದು ಯಾರೂ ನಿಮ್ಮನ್ನು ಬಲವಂತಪಡಿಸುವಂತಿಲ್ಲ.

ಕಲಿತದ್ದು ಕೈಯಲ್ಲಿ ಉಳಿಯಬೇಕಾದರೆ ಅಭ್ಯಾಸ ಬೇಕು. ತಿಂಗಳಿಗೊಮ್ಮೆಯಾದರೂ ಗೊಂಬೆಯ ಮೇಲೆ ಸಿಪಿಆರ್ ಮಾಡಿ ನೋಡಿ. ಇಂದು ಆ ಗೊಂಬೆ ಇರುವ ಜಾಗದಲ್ಲಿ ನಾಳೆ ಪಕ್ಕದ ಮನೆಯವರು ಇರಬಹುದು.